ಮೆಡಿಕಲ್ ದಿನದ ಬಿ.ಪಿ.

ಪೀಣ್ಯದ ಒಂದು ಫೋರ್ಜಿಂಗ್ ಕಾರ್ಖಾನೆಯ ಮೆಡಿಕಲ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸಾಗಿದ್ದೆ. ನಿವೃತ್ತಿಯಾಗಿ ಎರಡು ವರ್ಷವಾಯಿತು. ನನ್ನ ಜಾಗಕ್ಕೆ ಬಂದಿರುವವಳು ಈಗಲೂ ನಾಗಸಂದ್ರದ ನಮ್ಮ ಮನೆಗೆ ಫೋನ್ ಮಾಡುತ್ತಾಳೆ. ಒಬ್ಬರಿಗೆ ಬಿ.ಪಿ. ನೂರಾ ಎಂಬತ್ತು ತೋರಿಸುತ್ತಿದೆ, ಏನು ಮಾಡಲಿ ಅಂತ ಕೇಳುತ್ತಾಳೆ. ನನಗೆ ತಿಳಿದದ್ದು ಹೇಳುತ್ತೇನೆ. ಫೋನಿಟ್ಟ ಮೇಲೆ ಜೀವಕ್ಕೆ ಸಮಾಧಾನವಿರುವುದಿಲ್ಲ. ಸರಿಯಾಗಿ ಹೇಳಿದೆನೋ, ಅವಳು ಸರಿಯಾಗಿ ಕೇಳಿಸಿಕೊಂಡಳೋ ಅಂತ ಚಡಪಡಿಸಿ ಮತ್ತೆ ನಾನೇ ಫೋನ್ ಹಚ್ಚುತ್ತೇನೆ. ಹೀಗೆ ನಾಲ್ಕೈದು ಸಲ ಆದ ಮೇಲೆ ಅವಳು, ಮೇಡಂ, ಇದನ್ನೆಲ್ಲ ಒಂದು ಕಡೆ ಬರೆದಿಟ್ಟುಬಿಡಿ, ನಮ್ಮಂಥವರಿಗೆ ಉಪಯೋಗವಾಗುತ್ತದೆ ಅಂದಳು. ಅವಳಿಗೆ ನನ್ನ ಫೋನಿನ ಕಾಟ ತಪ್ಪಿದರೆ ಸಾಕಾಗಿತ್ತೇನೋ. ಇರಲಿ, ಬರೆಯುತ್ತೇನೆ.

ಕಾರ್ಖಾನೆ ನರ್ಸ್ ಅಂದರೆ ಬೆರಳಿಗೆ ಬ್ಯಾಂಡೇಜ್ ಸುತ್ತುವ ಕೆಲಸ ಅಂತ ದಾವಣಗೆರೆಯಲ್ಲಿದ್ದ ನಮ್ಮ ತಂದೆಯೂ ಕೊನೆಯವರೆಗೆ ತಿಳಿದಿದ್ದರು. ಅದೂ ಇತ್ತು. ಕಾದ ಕಬ್ಬಿಣವನ್ನು ದೊಡ್ಡ ಹ್ಯಾಮರಿನ ಕೆಳಗೆ ಬಡಿದು ಲಾರಿ, ಟ್ರ್ಯಾಕ್ಟರುಗಳ ಬಿಡಿಭಾಗ ಮಾಡುವ ಜಾಗ ಅದು. ಕಣ್ಣಿಗೆ ಕಿಡಿ ಬಿದ್ದವರು, ಕೈ ಸುಟ್ಟುಕೊಂಡವರು, ಬೆರಳು ಜಜ್ಜಿಸಿಕೊಂಡವರು ದಿನಾ ಬರುತ್ತಿದ್ದರು. ಅವರ ವಿಷಯದಲ್ಲಿ ನನಗೆ ಹೆದರಿಕೆ ಇರಲಿಲ್ಲ. ಗಾಯ ಕಣ್ಣಿಗೆ ಕಾಣುತ್ತದೆ, ಏನು ಮಾಡಬೇಕು ಅನ್ನುವುದು ಕೈಗೆ ಗೊತ್ತಿರುತ್ತದೆ. ನನ್ನ ನಿದ್ದೆ ಕೆಡಿಸಿದವರು ಯಾರೆಂದರೆ, ನಗುನಗುತ್ತಾ ಬಂದು ಕೂತು ತೋಳು ಚಾಚಿ, ನೂರಾ ಎಪ್ಪತ್ತು ನೂರಾ ಹತ್ತು ತೋರಿಸಿ, ನಂಗೇನೂ ಆಗಿಲ್ಲ ಸಿಸ್ಟರ್ ಅಂತ ಎದ್ದು ಹೋಗುತ್ತಿದ್ದವರು.

ನಾನು ಸೇರಿದಾಗ ಅಲ್ಲಿದ್ದ ಹಳೆಯ ಕಾಂಪೌಂಡರರು ಬಿ.ಪಿ. ಬರೆಯುವುದನ್ನು ನನಗೆ ಒಂದೇ ದಿನದಲ್ಲಿ ಕಲಿಸಿಬಿಟ್ಟರು. ತೆಳ್ಳಗಿದ್ದವರಿಗೆ ನೂರಿಪ್ಪತ್ತು ಎಂಬತ್ತು, ದಪ್ಪಗಿದ್ದವರಿಗೆ ನೂರಾ ಮೂವತ್ತು ಎಂಬತ್ತನಾಲ್ಕು. ಮಧ್ಯಾಹ್ನದ ಊಟದೊಳಗೆ ನೂರು ಜನರ ತಪಾಸಣೆ ಮುಗಿಸುತ್ತಿದ್ದರು. ನನಗೆ ಅದು ಸರಿಬರದೆ ಎಲ್ಲರ ತೋಳಿಗೂ ಪಟ್ಟಿ ಕಟ್ಟಿ ಅಳೆಯಲು ಶುರು ಮಾಡಿದೆ. ಮೊದಲ ತಿಂಗಳಲ್ಲೇ ಎಡವಿದೆ. ಹ್ಯಾಮರ್ ನಡೆಸುವವನೊಬ್ಬನ ತೋಳು ನನ್ನ ತೊಡೆಯಷ್ಟಿತ್ತು. ನಮ್ಮಲ್ಲಿದ್ದ ಪಟ್ಟಿ ಅವನ ತೋಳಿಗೆ ಸಾಲುತ್ತಿರಲಿಲ್ಲ, ಹೇಗೋ ಎಳೆದು ಕಟ್ಟಿದೆ. ಬಂದ ಸಂಖ್ಯೆ ನೋಡಿ ನನಗೇ ಬೆವರಿತು. ಅವನನ್ನು ಮನೆಗೆ ಕಳಿಸಿ, ಉಪ್ಪು ಬಿಡಿಸಿ, ಒಂದು ವಾರ ಮಲಗಿಸಿದೆ. ಅವನಿಗೆ ಏನೂ ಆಗಿರಲಿಲ್ಲ. ಪಟ್ಟಿ ಚಿಕ್ಕದಾದರೆ ಬಿ.ಪಿ. ಇಲ್ಲದಷ್ಟು ಜಾಸ್ತಿ ತೋರಿಸುತ್ತದೆ ಅನ್ನುವುದು ಗೊತ್ತಿರಬೇಕಾದ ನನಗೇ ಹೊಳೆಯಲಿಲ್ಲ. ಅವನ ಹೆಂಡತಿ ಆಮೇಲೆ ಗೇಟಿನ ಹತ್ತಿರ ಸಿಕ್ಕಿ, ನಿಮ್ಮಿಂದ ನಮ್ಮ ಮನೇಲಿ ಒಂದ್ ವಾರ ಎಲ್ರೂ ಸಪ್ಪೆ ಸಾರು ತಿಂದ್ವಿ ಅಂತ ಹೇಳಿ ಹೋದಳು.

ಅದು ನಕ್ಕು ಮರೆಯುವ ತಪ್ಪು. ಇನ್ನೊಂದನ್ನು ಆಗ ನಾವು ತಪ್ಪೆಂದೇ ತಿಳಿದಿರಲಿಲ್ಲ. ನಮ್ಮ ಕಪಾಟಿನಲ್ಲಿ ಮೆತ್ತಗಿನ ಒಂದು ಬಗೆಯ ಕ್ಯಾಪ್ಸೂಲಿನ ಡಬ್ಬಿ ಇರುತ್ತಿತ್ತು. ಯಾರಿಗಾದರೂ ಬಿ.ಪಿ. ತೀರಾ ಜಾಸ್ತಿ ಬಂದರೆ ಅದನ್ನು ಸೂಜಿಯಿಂದ ಚುಚ್ಚಿ, ಒಳಗಿನ ದ್ರವವನ್ನು ನಾಲಿಗೆಯ ಕೆಳಗೆ ಹಿಂಡುವುದು. ಹತ್ತಿಪ್ಪತ್ತು ನಿಮಿಷದಲ್ಲಿ ಸಂಖ್ಯೆ ಸರ್ರನೆ ಇಳಿಯುತ್ತಿತ್ತು. ಆಸ್ಪತ್ರೆಗಳಲ್ಲೂ ಹಾಗೇ ಮಾಡುತ್ತಿದ್ದರು. ಸಂಖ್ಯೆ ಇಳಿದದ್ದು ನೋಡಿದಾಗ ನನಗೆ ಆಗುತ್ತಿದ್ದ ನೆಮ್ಮದಿ ಅಷ್ಟಿಷ್ಟಲ್ಲ.

ಡಾಕ್ಟರ್ ಸದಾಶಿವ ನಮ್ಮ ಕಾರ್ಖಾನೆಗೆ ವಾರಕ್ಕೆ ಎರಡು ದಿನ ಬರುವ ವೈದ್ಯರಾಗಿ ಸೇರಿದ ಮೊದಲ ದಿನವೇ ಆ ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದರು. ನನಗೆ ಅವಮಾನವಾಯಿತು. ಎಷ್ಟು ಜನರ ಬಿ.ಪಿ. ಇಳಿಸಿದ್ದೇನೆ ಸಾರ್ ಇದರಿಂದ ಅಂದೆ. ಅವರು ಮಾತು ಕಮ್ಮಿಯ ಮನುಷ್ಯ, ಸಿಟ್ಟೂ ಇತ್ತು. ಅಂದು ಮಾತ್ರ ಕುರ್ಚಿ ಎಳೆದುಕೊಂಡು ಎದುರು ಕೂತು, ಮುಷ್ಟಿ ಬಿಗಿಯಾಗಿ ಹಿಡೀರಿ ಅಂದರು. ಹಿಡಿದೆ. ಸ್ವಲ್ಪ ಹೊತ್ತಿನ ಮೇಲೆ ಬಿಡಿಸಿ ನೋಡಿ ಅಂದರು. ಅಂಗೈ ಬಿಳಿಚಿಕೊಂಡಿತ್ತು, ನೋಡುತ್ತಿದ್ದಂತೆ ನಿಧಾನಕ್ಕೆ ಕೆಂಪು ಮರಳಿ ಬಂತು.

"ಹೃದಯದ ಸ್ನಾಯುವೂ ಇಷ್ಟೇ ಸಿಸ್ಟರ್. ಹಿಂಡಿದಾಗ ಮೈಗೆಲ್ಲ ರಕ್ತ ಹೋಗುತ್ತೆ, ಆದ್ರೆ ಆಗ ಅದರ ಒಳಗಿನ ರಕ್ತನಾಳಗಳೇ ಅಮುಕಿಹೋಗಿರ್ತವೆ. ಸಡಿಲ ಬಿಟ್ಟಾಗ್ಲೇ ಅದಕ್ಕೆ ತನ್ನ ಪಾಲಿನ ರಕ್ತ."

ಮಿಕ್ಕದ್ದನ್ನು ಅವರು ಒಂದು ಹಳೆಯ ಪ್ರಿಸ್ಕ್ರಿಪ್ಷನ್ ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು. ಬಿ.ಪಿ. ವರ್ಷಗಟ್ಟಲೆ ಜಾಸ್ತಿ ಇದ್ದರೆ ಹೃದಯ ಅಷ್ಟು ಒತ್ತಡದ ಎದುರು ರಕ್ತ ನೂಕಿ ನೂಕಿ, ಹ್ಯಾಮರ್‌ನವರ ತೋಳಿನ ಹಾಗೆ ಅದರ ಗೋಡೆ ದಪ್ಪವಾಗುತ್ತದೆ. ದಪ್ಪವಾದ ಸ್ನಾಯುವಿಗೆ ರಕ್ತ ಹೆಚ್ಚು ಬೇಕು. ಆದರೆ ಒಳಗಿನ ಸಣ್ಣ ರಕ್ತನಾಳಗಳು ಅದಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ, ಇರುವವೂ ಗೋಡೆ ಗಟ್ಟಿಯಾಗಿ ಕಿರಿದಾಗುತ್ತವೆ. ದೊಡ್ಡ ರಕ್ತನಾಳಗಳಲ್ಲಿ ಒಂದೂ ಅಡ್ಡಿಯಿಲ್ಲದಿದ್ದರೂ ಹೃದಯದ ಒಳಪದರ ಅರೆಹೊಟ್ಟೆಯಲ್ಲೇ ಇರುತ್ತದೆ. ಅಲ್ಲಿಗೆ ರಕ್ತ ತಲುಪುವುದಕ್ಕೆ ಆ ಹೆಚ್ಚಿನ ಒತ್ತಡವೇ ಬೇಕು ಅನ್ನುವಷ್ಟು ಅದು ಒಗ್ಗಿಹೋಗಿರುತ್ತದೆ. ಅಂಥವರ ಬಿ.ಪಿ.ಯನ್ನು ತಿಂಗಳುಗಟ್ಟಲೆ ಸಾವಕಾಶವಾಗಿ ಇಳಿಸಿದರೆ ಸ್ನಾಯು ಸುಧಾರಿಸಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಬೀಳಿಸಿದರೆ ಒಳಪದರಕ್ಕೆ ರಕ್ತವೇ ತಲುಪುವುದಿಲ್ಲ. ಜೊತೆಗೆ ಒತ್ತಡ ಬಿದ್ದ ಗಾಬರಿಗೆ ನಾಡಿ ಓಡತೊಡಗುತ್ತದೆ. ನಾಡಿ ಓಡಿದರೆ ಹೃದಯಕ್ಕೆ ಸಡಿಲ ಬಿಡುವ ಸಮಯವೇ ಕಮ್ಮಿಯಾಗುತ್ತದೆ.

ಅರ್ಥವಾಯಿತಾ ಅಂತ ಕೇಳಿದರು. ಆಯಿತು ಸಾರ್ ಅಂದೆ. ನಿಜವಾಗಿಯೂ ಅರ್ಥವಾಗಿತ್ತು. ಅರ್ಥವಾಗಿದ್ದೂ ನಾನು ಮುಂದೆ ಮಾಡಿದ ತಪ್ಪನ್ನು ಹೇಳುವುದಕ್ಕೇ ಈ ಬರಹ.

ನಮ್ಮಲ್ಲಿ ವರ್ಷಕ್ಕೊಂದು ಸಲ ಎಲ್ಲರಿಗೂ ತಪಾಸಣೆ ಇರುತ್ತಿತ್ತು. ಅದಕ್ಕೆ ಕೆಲಸಗಾರರು ಮೆಡಿಕಲ್ ಅನ್ನುತ್ತಿದ್ದರು. ಹದಿನೈದು ದಿನ ಮುಂಚೆ ನೋಟಿಸ್ ಬೋರ್ಡಿಗೆ ದಿನಾಂಕ ಹಚ್ಚುತ್ತಿದ್ದೆವು. ಬಿ.ಪಿ. ಜಾಸ್ತಿ ಬಂದರೆ ಕ್ರೇನ್, ಹ್ಯಾಮರ್, ಫರ್ನೇಸ್ ಕೆಲಸದಿಂದ ತೆಗೆದು ಪ್ಯಾಕಿಂಗಿಗೋ ಸ್ಟೋರಿಗೋ ಹಾಕುತ್ತಿದ್ದರು. ಪ್ಯಾಕಿಂಗಿಗೆ ಹೋದವನನ್ನು ಶಾಪ್‌ನವರು, ಅಂದರೆ ಯಂತ್ರಗಳ ಶೆಡ್ಡಿನಲ್ಲಿ ಕೆಲಸ ಮಾಡುವವರು, ಪಿಂಚಣಿಗೆ ಹೋದವನ ಹಾಗೆ ನೋಡುತ್ತಿದ್ದರು. ಹಾಗಾಗಿ ದಿನಾಂಕ ಹಚ್ಚಿದ ಕೂಡಲೇ ನಮ್ಮ ಜನ ತಯಾರಿ ಶುರು ಮಾಡುತ್ತಿದ್ದರು. ವರ್ಷವಿಡೀ ಗುಳಿಗೆ ಮುಟ್ಟದವರು ಆ ಎರಡು ವಾರ ತಪ್ಪದೆ ನುಂಗುತ್ತಿದ್ದರು. ಬೀಡಿ ಬಿಡುತ್ತಿದ್ದರು, ಉಪ್ಪಿನಕಾಯಿ ಬಿಡುತ್ತಿದ್ದರು. ಮೆಡಿಕಲ್ ದಿನ ಬೆಳಿಗ್ಗೆ ಕೆಲವರು ಒಂದರ ಬದಲು ಎರಡು ನುಂಗಿ ಬರುತ್ತಿದ್ದರು. ಇದು ಗುಟ್ಟೇನಲ್ಲ, ಕ್ಯಾಂಟೀನಿನಲ್ಲಿ ಕೂತು ಯಾವ ಗುಳಿಗೆ ಬೇಗ ಇಳಿಸುತ್ತದೆ ಅಂತ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ನನ್ನ ಕಿವಿಗೂ ಬಿದ್ದಿತ್ತು. ನಾನು ಬೈದು ಸುಮ್ಮನಾಗುತ್ತಿದ್ದೆ. ಒಳ್ಳೆಯ ಸಂಖ್ಯೆ ಬಂದರೆ ನನಗೂ ಒಳ್ಳೆಯದೇ ಆಗಿತ್ತು. ಬೆಳಿಗ್ಗೆ ಬರುವವರ ರಕ್ತಪರೀಕ್ಷೆಗೆ ಖಾಲಿಹೊಟ್ಟೆ ಇರಬೇಕು ಅನ್ನುವ ನಿಯಮ ಬೇರೆ ನಾವೇ ಮಾಡಿದ್ದೆವು.

ಹನುಮಂತರಾಯಪ್ಪ ನಮ್ಮ ಹ್ಯಾಮರ್ ಶಾಪಿನ ಕ್ರೇನ್ ಆಪರೇಟರ್. ನೆಲಮಂಗಲದ ಕಡೆಯವರು, ಆಗ ನಲವತ್ತೆಂಟು ವಯಸ್ಸು. ಶಾಪಿನ ಮೇಲೆ ಹಳಿಗಳ ಮೇಲೆ ಓಡುವ ದೊಡ್ಡ ಕ್ರೇನು, ಅದಕ್ಕೆ ತಗುಲಿಕೊಂಡ ಗಾಜಿನ ಸಣ್ಣ ಕ್ಯಾಬಿನ್ನು, ಎರಡು ಮಹಡಿಯ ಎತ್ತರ. ಇಪ್ಪತ್ತು ವರ್ಷ ಅವರು ಅಲ್ಲೇ ಕೂತು ಕೆಲಸ ಮಾಡಿದವರು. ಕೆಳಗೆ ಯಾರಾದರೂ ಎಚ್ಚರಿಕೆಯ ಗೆರೆ ದಾಟಿ ನಿಂತರೆ ಗಂಟೆ ಬಾರಿಸಿ ಬೈಯುತ್ತಿದ್ದರು, ಮ್ಯಾನೇಜರನ್ನೂ ಬಿಡುತ್ತಿರಲಿಲ್ಲ. ನೆಲದ ಮೇಲೆ ಮಾತ್ರ ಬಹಳ ಸಂಕೋಚದ ಮನುಷ್ಯ. ಅವರ ಬಿ.ಪಿ. ಮೂರು ವರ್ಷದಿಂದ ನೂರಾ ಅರವತ್ತರ ಮೇಲೇ ಇತ್ತು. ಹಿಂದಿನ ವರ್ಷ ಡಾಕ್ಟರು, ಮುಂದಿನ ಸಲವೂ ಹೀಗೇ ಇದ್ದರೆ ಕ್ರೇನ್ ಇಲ್ಲ ಅಂದಿದ್ದರು.

ಅಂದು ಏಪ್ರಿಲ್ ತಿಂಗಳ ಸೆಕೆ. ಬೆಳಿಗ್ಗೆ ಏಳೂವರೆಗೇ ನನ್ನ ಕೋಣೆಯ ಮುಂದೆ ಉದ್ದದ ಸಾಲು. ಹನುಮಂತರಾಯಪ್ಪ ಬಂದು ಕೂತರು. ನೂರಾ ಹನ್ನೆರಡು, ಅರವತ್ತು. ನನಗೆ ನಂಬಿಕೆ ಬರದೆ ಇನ್ನೊಮ್ಮೆ ಅಳೆದೆ. ಮತ್ತೂ ಎರಡು ಕಮ್ಮಿ ಬಂತು. ನಾಡಿ ನೂರೆಂಟು. ಹೆದರಿಕೊಂಡಿದ್ದಾರೆ ಪಾಪ ಅಂದುಕೊಂಡೆ. ಅಂದುಕೊಂಡು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ನೋಡ್ರಿ ಇಲ್ಲಿ, ಮನಸ್ಸು ಮಾಡಿದರೆ ಹೇಗೆ ಇಳಿಸಬಹುದು ಅಂತ ಹನುಮಂತರಾಯಪ್ಪನವರನ್ನ ನೋಡಿ ಕಲೀರಿ ಅಂತ ಭಾಷಣ ಮಾಡಿದೆ. ಜನ ಚಪ್ಪಾಳೆ ತಟ್ಟಿದರು.

ಅವರು ಎದ್ದು ಹೋಗಲಿಲ್ಲ. ಸ್ಟೂಲಿನ ಅಂಚು ಹಿಡಿದುಕೊಂಡು ಕೂತೇ ಇದ್ದರು.

"ಸಿಸ್ಟರ್, ಒಂದ್ ಮಾತೈತೆ."

"ಆಮೇಲೆ ಬನ್ರೀ, ಲೈನ್ ಎಷ್ಟುದ್ದ ಇದೆ ನೋಡಿ," ಅಂದೆ.

ಅವರು ಎದ್ದು ಹೋದರು. ನಾನು ಫಿಟ್ ಅಂತ ಬರೆದು ಮುದ್ರೆ ಒತ್ತಿದೆ. ಕಮ್ಮಿ ಒತ್ತಡ, ಓಡುವ ನಾಡಿ, ಎರಡೂ ನನ್ನ ಕೈಬರಹದಲ್ಲೇ ಪಕ್ಕಪಕ್ಕ ಇದ್ದವು.

ಒಂಬತ್ತೂವರೆಗೆ ಶಾಪಿನಿಂದ ಸೂಪರ್‌ವೈಸರ್ ಓಡಿಬಂದರು. ಕ್ರೇನು ನಿಂತುಬಿಟ್ಟಿದೆ, ಹನುಮಂತರಾಯಪ್ಪ ಎದೆ ಹಿಡಿದುಕೊಂಡು ಕೂತಿದ್ದಾರೆ ಅಂದರು. ಬಿ.ಪಿ. ಯಂತ್ರ, ಸ್ಟೆತಾಸ್ಕೋಪು, ಎದೆನೋವಿಗೆ ನಾಲಿಗೆಯ ಕೆಳಗಿಡುವ ಗುಳಿಗೆ ಎಲ್ಲ ಚೀಲಕ್ಕೆ ತುರುಕಿಕೊಂಡು ಓಡಿದೆ. ಹೋಗಿ ನೋಡಿದರೆ ಕ್ರೇನಿನ ಕೊಕ್ಕೆಯಲ್ಲಿ ಎರಡು ಟನ್ನಿನ ಉಕ್ಕಿನ ಅಚ್ಚು ತೂಗುತ್ತಿದೆ. ಕೆಳಗೆ ಹ್ಯಾಮರಿನ ಹತ್ತಿರ ಇದ್ದವರನ್ನು ದೂರ ಸರಿಸಿದ್ದರು. ಗಾಜಿನ ಹಿಂದೆ ಅವರ ಮುಖ ಕಾಣುತ್ತಿತ್ತು. ಒಂದು ಕೈ ಎದೆಯ ಮೇಲಿತ್ತು, ಇನ್ನೊಂದು ಕೈ ಕ್ರೇನಿನ ಹಿಡಿಕೆ ಬಿಟ್ಟಿರಲಿಲ್ಲ. ಅಚ್ಚು ಗೇಣು ಗೇಣಾಗಿ ಇಳಿಯತೊಡಗಿತು. ಅಚ್ಚನ್ನು ನೆಲಕ್ಕೆ ಕೂರಿಸಿದ ಮೇಲೇ ಅವರು ಹಿಡಿಕೆ ಬಿಟ್ಟು ಪಕ್ಕಕ್ಕೆ ವಾಲಿದ್ದು.

ಮೇಲಕ್ಕೆ ಹೋಗಲು ಗೋಡೆಗೆ ಹೊಂದಿಕೊಂಡ ನೇರ ಕಬ್ಬಿಣದ ಏಣಿ. ನನಗೆ ಐವತ್ತನಾಲ್ಕು ವಯಸ್ಸು, ಮಂಡಿನೋವು, ಮೊದಲೇ ಎತ್ತರ ಕಂಡರೆ ಆಗದು. ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗಲೂ ಕೆಳಗೆ ನೋಡದವಳು. ಚೀಲ ಬೆನ್ನಿಗೆ ಹಾಕಿಕೊಂಡು ಹತ್ತಿದೆ. ಕೆಳಗಿನಿಂದ ಒಬ್ಬರ ಮೇಲೊಬ್ಬರು, ನಾಲಿಗೆ ಕೆಳಗಿಡೋ ಗುಳಿಗೆ ಇಡಿ ಸಿಸ್ಟರ್, ಬೇಗ ಇಡಿ ಅನ್ನುತ್ತಿದ್ದರು. ಕೈ ಬೆವರಿ ಏಣಿ ಜಾರುತ್ತಿತ್ತು. ಹನುಮಂತರಾಯಪ್ಪ ಸತ್ತರೆ ಅದು ನನ್ನ ಕೈಯಿಂದಲೇ ಆದದ್ದು ಅನ್ನುವುದೊಂದೇ ತಲೆಯಲ್ಲಿತ್ತು.

ಕ್ಯಾಬಿನ್ನಿನಲ್ಲಿ ಇಬ್ಬರು ನಿಲ್ಲುವಷ್ಟು ಜಾಗವಿಲ್ಲ. ಮುಖ ಬೂದಿಯಾಗಿತ್ತು, ಅಂಗಿ ಒದ್ದೆ. ನಾನೂ ಅಭ್ಯಾಸಬಲದಿಂದ ಆ ಗುಳಿಗೆ ಬಿಡಿಸಿ ಬೆರಳ ತುದಿಯಲ್ಲಿ ಹಿಡಿದೇಬಿಟ್ಟಿದ್ದೆ. ಇನ್ನೇನು ಬಾಯಿಗೆ ಇಡಬೇಕು, ಅಷ್ಟರಲ್ಲಿ ಬೆಳಗಿನ ನೂರಾ ಹನ್ನೆರಡು ಕಣ್ಣ ಮುಂದೆ ಬಂತು. ಆ ಗುಳಿಗೆಯೂ ಒತ್ತಡ ಇಳಿಸುವಂಥದ್ದೇ. ಗುಳಿಗೆಯನ್ನು ಜೇಬಿಗೆ ಹಾಕಿ ಪಟ್ಟಿ ಕಟ್ಟಿದೆ. ಏನೂ ಕೇಳಿಸಲಿಲ್ಲ. ಶಾಪಿನ ಆ ತುದಿಯಲ್ಲಿ ಇನ್ನೂ ಎರಡು ಹ್ಯಾಮರ್ ಬಡಿಯುತ್ತಿದ್ದವು. ಕಿಟಕಿಯಿಂದ ತಲೆ ಹೊರಗೆ ಹಾಕಿ ಹ್ಯಾಮರ್ ನಿಲ್ಲಿಸಿ ಅಂತ ಕೂಗಿದೆ. ಸೂಪರ್‌ವೈಸರ್ ಒಂದು ಕ್ಷಣ ಅನುಮಾನಿಸಿದರು. ನನ್ನ ಬಾಯಿಂದ ಅದುವರೆಗೆ ಯಾರೂ ಕೇಳಿರದ ಬೈಗುಳ ಬಂತು. ಹ್ಯಾಮರ್ ನಿಂತವು. ನಾನು ಸೇರಿದಾಗಿನಿಂದ ಕೆಲಸದ ಹೊತ್ತಿನಲ್ಲಿ ಆ ಶಾಪು ಅಷ್ಟು ನಿಶ್ಶಬ್ದವಾದದ್ದು ಕಂಡಿರಲಿಲ್ಲ.

ಎಂಬತ್ತಾರು, ಐವತ್ತು. ನಾಡಿ ನೂರಾ ಇಪ್ಪತ್ತು ದಾಟಿತ್ತು.

"ಎಷ್ಟು ಗುಳಿಗೆ ತಗೊಂಡ್ರಿ, ನಿಜ ಹೇಳಿ," ಅಂದೆ.

"ನಂದು ಎರಡು, ನಮ್ ಭಾವುಂದು ಒಂದು. ಬೆಳಿಗ್ಗೆನೇ ಕಣ್ ಕತ್ಲೆ ಬತ್ತಿತ್ತು ಸಿಸ್ಟರ್, ಅದ್ನೇ ಏಳಾಣ ಅಂತಿದ್ದೆ."

ಡಾಕ್ಟರ್ ಸದಾಶಿವ ಅವರಿಗೆ ಫೋನ್ ಹಚ್ಚಿ ಸಂಖ್ಯೆ ಹೇಳಿದೆ, ಮೂರು ಗುಳಿಗೆಯ ವಿಷಯವನ್ನೂ ಹೇಳಿದೆ. ನಾಲಿಗೆಯ ಕೆಳಗೆ ಏನೂ ಇಡಬೇಡಿ, ನೆಲದ ಮೇಲೆ ಚಪ್ಪಟೆ ಮಲಗಿಸಿ, ಕಾಲು ಸೀಟಿನ ಮೇಲೆತ್ತಿ, ನಾನು ಆಂಬುಲೆನ್ಸ್ ಕಳಿಸುತ್ತೇನೆ ಅಂದರು. ಹಾಗೇ ಮಾಡಿದೆ. ನಾನು ಬಾಗಿಲಲ್ಲಿ ಕೂತು, ಅರ್ಧ ದೇಹ ಹೊರಗೆ, ಅವರ ಮಣಿಕಟ್ಟು ಹಿಡಿದುಕೊಂಡಿದ್ದೆ. ಎದೆ ಯಾರೋ ಒಳಗಿನಿಂದ ಹಿಂಡಿದ ಹಾಗೆ ಆಗುತ್ತಿದೆ ಅನ್ನುತ್ತಿದ್ದರು. ಎರಡೆರಡು ನಿಮಿಷಕ್ಕೆ ಅಳೆದೆ. ತೊಂಬತ್ತು ಆಯಿತು, ತೊಂಬತ್ತಾರು ಆಯಿತು. ನೂರಾ ನಾಲ್ಕಕ್ಕೆ ಬಂದಾಗ ಅವರು ಕಣ್ಣು ಬಿಟ್ಟು, ಈಗ ಸ್ವಲ್ಪ ಸಡಿಲವಾಯಿತು ಅಂದರು. ಬಿ.ಪಿ. ಏರಿದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದು ಜೀವನದಲ್ಲಿ ಅದೊಂದೇ ಸಲ. ಆಮೇಲೆ ಫೈರ್ ಸೇಫ್ಟಿಯ ನಾಲ್ಕು ಜನ ಹತ್ತಿ ಬಂದು ಅವರನ್ನು ಹಗ್ಗದ ಸ್ಟ್ರೆಚರಿನಲ್ಲಿ ಇಳಿಸಿದರು. ನನ್ನನ್ನು ಇಳಿಸುವುದಕ್ಕೆ ಅವರನ್ನು ಇಳಿಸಿದ್ದಕ್ಕಿಂತ ಹೆಚ್ಚು ಹೊತ್ತಾಯಿತು.

ತುಮಕೂರು ರಸ್ತೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಇ.ಸಿ.ಜಿ.ಯಲ್ಲಿ ವ್ಯತ್ಯಾಸವಿತ್ತು. ಸಂಜೆ ಆಂಜಿಯೋಗ್ರಾಂ ಮಾಡಿ, ರಕ್ತನಾಳ ಎಲ್ಲ ಸ್ವಚ್ಛವಾಗಿವೆ, ಬ್ಲಾಕ್ ಇಲ್ಲ ಅಂದರು. ಎಕೋ ಸ್ಕ್ಯಾನಿನಲ್ಲಿ ಮಾತ್ರ ಹೃದಯದ ಗೋಡೆ ದಪ್ಪವಾಗಿದೆ ಅಂತ ಬಂತು. ಬ್ಲಾಕ್ ಇಲ್ಲ ಅಂದ ಕೂಡಲೇ ನೆಂಟರೆಲ್ಲ ಗ್ಯಾಸ್ಟ್ರಿಕ್ ಇರಬೇಕು ಅಂತ ನಿರಾಳವಾಗಿಬಿಟ್ಟರು. ಹೆಂಡತಿ ಜಯಮ್ಮ ಮಾತ್ರ ಆಗಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತು, "ಬೆಳಿಗ್ಗೆ ನೀವೇ ಅಂತೆ ಚೆನ್ನಾಗವ್ರೆ ಅಂತ ಬರ್ಕೊಟ್ಟಿದ್ದು," ಅಂದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ತಿಳಿದುಕೊಳ್ಳುವುದಕ್ಕೆ ಕೇಳಿದ ಹಾಗಿತ್ತು. ಹೌದು ಅಂದೆ.

ಮರುದಿನ ಹನುಮಂತರಾಯಪ್ಪನವರ ಬಿ.ಪಿ. ಮತ್ತೆ ನೂರಾ ಎಂಬತ್ತಕ್ಕೆ ಹೋಗಿತ್ತು. ಇದ್ದ ಗುಳಿಗೆ ಸಾಲದು, ಜಾಸ್ತಿ ಮಾಡಿ ಮನೆಗೆ ಕಳಿಸುವ ಮಾತು ವಾರ್ಡಿನಲ್ಲಿ ನಡೆದಿತ್ತು. ಮೂರು ಗುಳಿಗೆಯ ಸಂಗತಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ನಾನು ಹೇಳಿದ್ದು ಡಾಕ್ಟರ್ ಸದಾಶಿವರಿಗೆ ಮಾತ್ರ, ಅವರು ಆಸ್ಪತ್ರೆಗೆ ತಿಳಿಸಿರುತ್ತಾರೆ ಅಂದುಕೊಂಡಿದ್ದೆ, ಅವರೋ ಅಂದು ಊರಲ್ಲಿರಲಿಲ್ಲ. ಹನುಮಂತರಾಯಪ್ಪ ನನ್ನ ಕೈ ಹಿಡಿದುಕೊಂಡುಬಿಟ್ಟರು.

"ಏಳ್ಬ್ಯಾಡಿ ಸಿಸ್ಟರ್. ಬೇಕೂ ಅಂತ ಮುಚ್ಚಿಟ್ಟ ಅಂತ ಕಂಪ್ನೀರು ಕ್ರೇನ್ ಕಿತ್ಕಂಬುಡ್ತಾರೆ. ಅದಿಲ್ದಿದ್ರೆ ನಾನ್ ಯಾರು ಏಳಿ."

ನನಗೆ ಅಳು ಬಂತು. ಹೇಳದಿದ್ದರೆ ನನಗೂ ಕ್ಷೇಮವಿತ್ತು. ಅಂದು ಬೆಳಿಗ್ಗೆಯಷ್ಟೇ ಕೆಲಸಗಾರರ ವಿಷಯ ನೋಡಿಕೊಳ್ಳುವ ಪರ್ಸನಲ್ ಮ್ಯಾನೇಜರು ನನ್ನ ರಿಜಿಸ್ಟರ್ ನೋಡಿ, ನೂರಾ ಹನ್ನೆರಡು ಅರವತ್ತು ಇದೆ, ಕ್ಲೀನಾಗಿದೆ, ನೀವ್ಯಾಕೆ ಒದ್ದಾಡ್ತೀರಾ ಸಿಸ್ಟರ್ ಅಂದಿದ್ದರು. ಆದರೆ ಅದೇ ಗುಳಿಗೆಯನ್ನು ಇನ್ನೂ ಜಾಸ್ತಿ ಮಾಡಿದರೆ, ಮುಂದಿನ ಮೆಡಿಕಲ್‌ಗೆ ಈ ಮನುಷ್ಯ ಮತ್ತೆ ಅದರ ದುಪ್ಪಟ್ಟು ನುಂಗಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಕೈ ಬಿಡಿಸಿಕೊಂಡು ಹೋಗಿ ವಾರ್ಡಿನ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕೂಡಲೇ ಗುಳಿಗೆ ಬದಲಾಯಿಸಿದರು. ಸಣ್ಣ ಪ್ರಮಾಣದಿಂದ ಶುರು ಮಾಡಿ ವಾರ ವಾರ ನೋಡಿ ಏರಿಸೋಣ, ಇಳಿಸುವುದಕ್ಕೆ ಆರು ತಿಂಗಳಾದರೂ ಪರವಾಗಿಲ್ಲ ಅಂದರು. ವಾಪಸ್ಸು ಬಂದಾಗ ಹನುಮಂತರಾಯಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಕಾರ್ಖಾನೆಗೆ ಹೋಗಿ ರಿಜಿಸ್ಟರ್ ತೆಗೆದು ಆ ಸಂಖ್ಯೆಯ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: ಈ ಅಳತೆಯನ್ನು ನಂಬಬಾರದು. ನಾಡಿ ವೇಗವಾಗಿದ್ದುದು ಗಮನಕ್ಕೆ ಬಂದರೂ ನಾನು ವಿಚಾರಿಸಲಿಲ್ಲ. ರೋಗಿ ಮಾತಾಡಲು ಬಂದಾಗ ಕೇಳಲಿಲ್ಲ. ಕೆಳಗೆ ಸಹಿ ಹಾಕಿದೆ. ಪರ್ಸನಲ್ ಮ್ಯಾನೇಜರು ಕೆಂಡವಾದರು. ಡಾಕ್ಟರ್ ಸದಾಶಿವ ಮಾರನೆಯ ದಿನ ಬಂದು ಓದಿ, ಅದರ ಕೆಳಗೆ ತಾವೂ ಸಹಿ ಹಾಕಿದರು. ನಂತರ ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಏನಾಯಿತೋ ತಿಳಿಯದು, ಹೊರಗಿದ್ದ ನಾನು ಕೆಲಸ ಹೋಯಿತು ಅಂತಲೇ ತಿಳಿದು ಚೀಲ ಜೋಡಿಸಿಟ್ಟಿದ್ದೆ.

ಕೆಲಸ ಹೋಗಲಿಲ್ಲ. ಬದಲಾದದ್ದು ಮೆಡಿಕಲ್. ರಕ್ತ, ಕಣ್ಣು, ಕಿವಿಯ ಪರೀಕ್ಷೆಗೆ ದಿನಾಂಕ ಉಳಿಯಿತು, ಬಿ.ಪಿ.ಗೆ ತೆಗೆದುಹಾಕಿದೆವು. ವರ್ಷವಿಡೀ ನಾನೇ ಹೇಳದೆ ಕೇಳದೆ ಶಾಪಿಗೆ ಹೋಗುವುದು, ಐದು ನಿಮಿಷ ಕೂರಿಸಿ ಎರಡು ಸಲ ಅಳೆಯುವುದು, ನಾಡಿ ನೋಡುವುದು, ಗುಳಿಗೆ ಎಷ್ಟು ನುಂಗಿದಿರಿ ಅಂತ ಕೇಳುವುದು. ಒಂದು ಸಂಖ್ಯೆ ನೋಡಿ ಯಾರನ್ನೂ ಕೆಲಸದಿಂದ ಸರಿಸುವುದಿಲ್ಲ, ಕ್ರೇನಿನಂಥ ಕೆಲಸದವರ ವಿಷಯ ಮಾತ್ರ ಡಾಕ್ಟರು ಮೂರು ತಿಂಗಳ ಅಳತೆ ನೋಡಿ ನಿರ್ಧರಿಸುತ್ತಾರೆ ಅಂತ ನೋಟಿಸ್ ಹಚ್ಚಿದೆವು. ಮೊದಲ ಸುತ್ತಿನಲ್ಲಿ ಬಂದ ಸಂಖ್ಯೆಗಳನ್ನು ಹಳೆಯ ರಿಜಿಸ್ಟರ್ ಜೊತೆ ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಅಷ್ಟು ವರ್ಷ ನಾನು ಅಚ್ಚುಕಟ್ಟಾಗಿ ಬರೆದದ್ದರಲ್ಲಿ ಎಷ್ಟೋ ಭಾಗ ಸುಳ್ಳು. ಜನ ನಂಬುವುದಕ್ಕೆ ಒಂದು ವರ್ಷ ಹಿಡಿಯಿತು. ನಾನು ಬರುವುದು ಕಂಡರೆ ಟಾಯ್ಲೆಟ್ಟಿಗೆ ಹೋಗಿ ಅಡಗಿಕೊಳ್ಳುತ್ತಿದ್ದವರೂ ಇದ್ದರು. ನಾನು ಹೊರಗೆ ಸ್ಟೂಲ್ ಹಾಕಿಕೊಂಡು ಕಾಯುತ್ತಿದ್ದೆ.

ಹನುಮಂತರಾಯಪ್ಪನವರನ್ನು ಸ್ಟೋರಿಗೆ ಹಾಕಿದರು. ಬೋಲ್ಟು, ಗ್ಲೌಸು ಎಣಿಸಿ ಕೊಡುವ ಕೆಲಸ. ವಾರಕ್ಕೊಮ್ಮೆ ಬಂದು ತೋಳು ಚಾಚುತ್ತಿದ್ದರು, ಸಂಖ್ಯೆ ಹೇಳಿದರೆ ತಲೆ ಆಡಿಸುತ್ತಿದ್ದರು, ಹೋಗುತ್ತಿದ್ದರು. ಏಳು ತಿಂಗಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬಿ.ಪಿ. ಮಾತ್ರ ಡಾಕ್ಟರು ಹೇಳಿದ ಹಾಗೆ ಮೆಲ್ಲಗೆ ಇಳಿಯಿತು. ಎದೆನೋವು ಮತ್ತೆ ಬರಲಿಲ್ಲ. ಎಂಟನೇ ತಿಂಗಳಿನ ಕೊನೆಯ ಅಳತೆ ಸರಿ ಇದ್ದರೆ ಕ್ರೇನಿಗೆ ವಾಪಸ್ಸು ಅಂತ ಆಯಿತು.

ಆ ಅಳತೆಗೆ ಇನ್ನೂ ನಾಲ್ಕು ದಿನ ಇತ್ತು. ಊರಲ್ಲಿ ಅವರ ಅಕ್ಕ ತೀರಿಕೊಂಡು, ಕಾರ್ಯ ಮುಗಿಸಿ ಅವತ್ತಷ್ಟೇ ಕೆಲಸಕ್ಕೆ ಬಂದಿದ್ದರು. ನೇರವಾಗಿ ನನ್ನ ಕೋಣೆಗೆ ಬಂದು ಕೂತು, ಈಗಲೇ ನೋಡಿ ಅಂದರು. ನಾಲ್ಕು ದಿನ ಬಿಟ್ಟು ಬನ್ನಿ ಅಂದೆ. ಬೇಡ, ಈಗಲೇ ನೋಡಿ ಅಂತ ಪಟ್ಟು ಹಿಡಿದರು. ಅಳೆದೆ. ನೂರಾ ಐವತ್ತಾರು, ತೊಂಬತ್ತೆಂಟು. ಎರಡನೇ ಸಲವೂ ಅಷ್ಟೇ.

"ಊರಲ್ಲಿ ಐದ್ ದಿನ ಗುಳಿಗೆ ತಗಂಡಿಲ್ಲ ಸಿಸ್ಟರ್. ಇದ್ದಂಗೇ ಬರ್ಕಳಿ. ಇವತ್ತು ಓಗಿ ನಾಲ್ಕ್ ದಿನುಕ್ಕೆ ಎಲ್ಡೆಲ್ಡು ನುಂಗ್ಬುಡಾಣ ಅಂತ ಮನ್ಸು ಬತ್ತೈತೆ. ಅದುಕ್ಕೇ ಬಂದ್ಬುಟ್ಟೆ."

ಬರೆಯದೆ ಕೂತೆ. ಬರೆದರೆ ಕ್ರೇನು ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ ಅಂತ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಅವರೇ ಪೆನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಬರೆದೆ. ಇಷ್ಟು ವರ್ಷದ ಕೆಲಸದಲ್ಲಿ ಒಂದು ಕೆಟ್ಟ ಸಂಖ್ಯೆಯನ್ನು ಸಂತೋಷದಿಂದ ಬರೆದದ್ದು ಅದೇ ಮೊದಲು. ಸಂತೋಷವಾಯಿತು, ಅಳುವೂ ಬಂತು, ಅವರು ಎದ್ದು ಸ್ಟೋರಿಗೆ ಹೋದರು.

ಮೂರು ತಿಂಗಳ ಅಳತೆ ಸರಿ ಬಂದ ಮೇಲೆ ಡಾಕ್ಟರು ಸಹಿ ಹಾಕಿದರು. ಹನುಮಂತರಾಯಪ್ಪ ಮತ್ತೆ ಕ್ರೇನ್ ಹತ್ತಿದ ದಿನ ನಾನು ಬೆಳಿಗ್ಗೆಯಿಂದ ಶಾಪಿನಲ್ಲೇ ನಿಂತಿದ್ದೆ. ಬೆಳಿಗ್ಗೆಯ ನೂರಾ ಮೂವತ್ತೆರಡು ಎಂಬತ್ತೆರಡು ನಾನೇ ಎರಡು ಸಲ ಅಳೆದದ್ದು, ನಾಡಿ ಎಪ್ಪತ್ತಾರು, ಆದರೂ ಕಾಲು ಕದಲಲಿಲ್ಲ. ಅಂಥ ಸಂಖ್ಯೆಯೊಂದನ್ನು ನಂಬಿಯೇ ಅವರನ್ನು ಒಮ್ಮೆ ಮೇಲೆ ಕಳಿಸಿದ್ದೆನಲ್ಲ. ಅಚ್ಚು ಎತ್ತಿದಾಗಲೆಲ್ಲ ಗಾಜಿನ ಹಿಂದಿನ ಅವರ ಮುಖವನ್ನೇ ನೋಡುತ್ತಿದ್ದೆ. ಊಟದ ಸೈರನ್ ಆಯಿತು, ಎಲ್ಲರೂ ಹೊರಟರು, ಅವರಿಗೆ ಇನ್ನೊಂದು ಅಚ್ಚು ಇಳಿಸುವುದು ಬಾಕಿ ಇತ್ತು. ನಾನು ಹೋಗಲಿಲ್ಲ. ಕ್ಯಾಬಿನ್ನಿನ ಕಿಟಕಿ ತೆರೆದು ಅವರು ಕೆಳಗೆ ಬಗ್ಗಿದರು.

"ಊಟುಕ್ಕೆ ಓಗಿ ಸಿಸ್ಟರ್. ಚೆನ್ನಾಗಿವ್ನಿ. ಇಲ್ದಿದ್ರೆ ನಾನೇ ನಿಮ್ಗೆ ಏಳ್ತೀನಿ."

ನಾನು ಊಟಕ್ಕೆ ಹೋದೆ.